ಕಾರ್ಡಿನ ಬಣ್ಣ ಗೋಡೆಯ ಮೇಲೆ ಬದಲಾಗುವುದೇಕೆ?

ದೀಪಾವಳಿಗೆ ಮುಂಚೆ, ಇಲ್ಲವೇ ಮದುವೆ, ಗೃಹಪ್ರವೇಶದ ದಿನ ಗೊತ್ತಾದ ಮೇಲೆ, ಬಣ್ಣ ಹೊಡೆಸುವ ಮನೆಗಳಲ್ಲಿ ಒಂದು ಜಗಳ ಏಳುತ್ತದೆ. ‘ನಾವು ಆರಿಸಿದ್ದು ತಿಳಿ ಹಳದಿ. ಗೋಡೆಗೆ ಬಂದಿರೋದು ಅರಿಶಿನ. ಏನು ಬೆರೆಸಿದಿರಿ?’ ಪೇಂಟರ್ ಡಬ್ಬಿಯ ಮೇಲಿನ ಚೀಟಿ ತೋರಿಸುತ್ತಾನೆ. ಶೇಡ್ ನಂಬರ್ ಸರಿಯಾಗಿಯೇ ಇರುತ್ತದೆ. ಆದರೂ ಅನುಮಾನ ಹೋಗುವುದಿಲ್ಲ. ಅಂಗಡಿಯವನೋ ಪೇಂಟರೋ ಮೋಸ ಮಾಡಿದ್ದಾನೆ ಎಂದು ಮನೆಯವರು ತೀರ್ಮಾನಿಸಿ ಆಗಿರುತ್ತದೆ.

ಶೇಡ್ ಕಾರ್ಡಿನಲ್ಲಿ ಕಂಡ ಬಣ್ಣವೇ ಗೋಡೆಯ ಮೇಲೂ ಕಾಣಬೇಕು ಎಂಬ ನಂಬಿಕೆ ಇದರ ಬೇರು. ಅದು ತಪ್ಪು. ನಂಬರ್ ಒಂದೇ, ಡಬ್ಬಿ ಒಂದೇ ಆದರೂ ಬಣ್ಣ ಬೇರೆಯಾಗಿ ಕಾಣುತ್ತದೆ, ಮತ್ತು ಅದಕ್ಕೆ ಯಾರೂ ಮೋಸ ಮಾಡಬೇಕಾಗಿಲ್ಲ.

ಮೊದಲನೆಯ ಕಾರಣ ಕೋಣೆಯ ನಾಲ್ಕು ಗೋಡೆಗಳು. ಕಾರ್ಡಿನ ಪುಟ್ಟ ಚೌಕದ ಮೇಲೆ ಬಿದ್ದ ಬೆಳಕು ಒಮ್ಮೆ ಪುಟಿದು ಕಣ್ಣಿಗೆ ಬರುತ್ತದೆ. ಕೋಣೆಯಲ್ಲಿ ಅದೇ ಬೆಳಕು ಒಂದು ಗೋಡೆಯಿಂದ ಎದುರು ಗೋಡೆಗೆ, ಅಲ್ಲಿಂದ ಪಕ್ಕದ ಗೋಡೆಗೆ ಪುಟಿಯುತ್ತಾ ಹೋಗುತ್ತದೆ. ಒಂದು ತಿಳಿ ಹಳದಿ ಬಣ್ಣ ತನ್ನ ಮೇಲೆ ಬಿದ್ದ ಹಳದಿ ಬೆಳಕಿನಲ್ಲಿ ನೂರಕ್ಕೆ 80 ಪಾಲು, ನೀಲಿ ಬೆಳಕಿನಲ್ಲಿ 50 ಪಾಲು ಹಿಂದಿರುಗಿಸುತ್ತದೆ ಎಂದು ಇಟ್ಟುಕೊಂಡರೆ, ಎರಡನೆಯ ಗೋಡೆಗೆ ಬಡಿದಾಗ ಉಳಿಯುವುದು 64 ಮತ್ತು 25. ಮೂರನೆಯದಕ್ಕೆ ಬಡಿದಾಗ ಸುಮಾರು 51 ಮತ್ತು 12. ಪ್ರತಿ ಸಲವೂ ನೀಲಿ ಬೇಗ ಕರಗುತ್ತದೆ, ಹಳದಿ ಉಳಿಯುತ್ತದೆ. ತಿಳಿ ಹಳದಿ ಅರಿಶಿನವಾಗುವುದು ಹೀಗೆ. ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಬಣ್ಣ ಇನ್ನೂ ಗಾಢವಾಗಿ ಕಾಣುವುದಕ್ಕೂ ಇದೇ ಕಾರಣ.

ಎರಡನೆಯದು ದೀಪ. ಅಂಗಡಿಯಲ್ಲಿ ಬೆಳ್ಳಗಿನ 6500 ಕೆಲ್ವಿನ್ ಎಲ್‌ಇಡಿ ಉರಿಯುತ್ತಿರುತ್ತದೆ, ಮನೆಯ ಮಲಗುವ ಕೋಣೆಯಲ್ಲಿ 3000 ಕೆಲ್ವಿನ್‌ನ ಹಳದಿ ಬಲ್ಬು. ಅಲ್ಲಿ ತಿಳಿಯಾಗಿ ಕಂಡ ಬೂದು ಇಲ್ಲಿ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಒಂದು ಕಂಪನಿಯ ಶೇಡ್ ನಂಬರ್ ಕೊಟ್ಟು ಇನ್ನೊಂದು ಕಂಪನಿಯ ಬೇಸ್‌ನಲ್ಲಿ ಮಷೀನ್‌ನಿಂದ ಮಿಕ್ಸ್ ಮಾಡಿಸುವವರಿಗೆ ಇನ್ನೂ ಒಂದು ತೊಂದರೆ ಇದೆ. ಬೇರೆ ಬೇರೆ ವರ್ಣದ್ರವ್ಯಗಳಿಂದ ತಯಾರಾದ ಎರಡು ಬಣ್ಣಗಳು ಒಂದು ದೀಪದಡಿ ತದ್ರೂಪವಾಗಿ ಕಂಡು, ಇನ್ನೊಂದರಡಿ ಬೇರೆಯಾಗಬಲ್ಲವು. ಇದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಅಂಗಡಿಯ ಕೌಂಟರಿನ ಮೇಲೆ ಇದು ಗೊತ್ತೇ ಆಗುವುದಿಲ್ಲ.

ಮೂರನೆಯದು ನೆರೆಯ ಬಣ್ಣ, ಮತ್ತು ಇದಕ್ಕೊಂದು ಹಳೆಯ ಕಥೆಯಿದೆ. ಫ್ರೆಂಚ್ ರಸಾಯನಶಾಸ್ತ್ರಜ್ಞ ಮಿಶೆಲ್ ಯೂಜೀನ್ ಶೆವ್ರೊಲ್ 1824ರಲ್ಲಿ ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯ ಬಣ್ಣಗಾರಿಕೆಯ ಮುಖ್ಯಸ್ಥರಾದರು. ಅಲ್ಲಿನ ಕಪ್ಪು ನೂಲಿಗೆ ಕಸುವಿಲ್ಲ ಎಂಬ ದೂರಿತ್ತು. ಶೆವ್ರೊಲ್ ಬೇರೆ ಕಾರ್ಖಾನೆಗಳ ಕಪ್ಪು ನೂಲು ತರಿಸಿ ಹೋಲಿಸಿ ನೋಡಿದರು. ಗೊಬ್ಲಾಂನ ಕಪ್ಪು ಯಾವುದಕ್ಕೂ ಕಡಿಮೆಯಿರಲಿಲ್ಲ. ಅದನ್ನು ನೀಲಿ, ನೇರಳೆ ನೂಲುಗಳ ಪಕ್ಕದಲ್ಲಿ ನೇಯುತ್ತಿದ್ದುದರಿಂದ ಕಣ್ಣಿಗೆ ಪೇಲವವಾಗಿ ಕಾಣುತ್ತಿತ್ತು. ಪಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಬದಲಿಸುವ ಈ ನಿಯಮದ ಮೇಲೆ ಅವರು 1839ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಬಣ್ಣ ಹಾಕಿದವರು ತಪ್ಪು ಮಾಡಿರಲಿಲ್ಲ ಎಂದು ಅಂದೇ ಸಾಬೀತಾಗಿತ್ತು.

ಇಷ್ಟಾದರೂ ಇಂದು ಹಳೆಯ ಹಸಿರು ಗೋಡೆಯ ನಡುವೆ ಅಂಗೈಯಗಲ ಹೊಸ ಆಫ್ ವೈಟ್ ಬಳಿಸಿ, ‘ಇದು ಕೆಂಪು ಹೊಡೀತಿದೆ’ ಎಂದು ತಿರಸ್ಕರಿಸುತ್ತಾರೆ. ಕೆಂಪು ತೋರಿಸುತ್ತಿರುವುದು ಸುತ್ತಲಿನ ಹಸಿರು. ರೆಡ್ ಆಕ್ಸೈಡ್ ನೆಲದ ಹಳೆಯ ಮನೆಗಳಲ್ಲಿ ಬಿಸಿಲು ನೆಲಕ್ಕೆ ಬಿದ್ದಾಗ ಗೋಡೆಯ ಕೆಳಭಾಗ ನಿಜವಾಗಿಯೂ ಕೆಂಪೇರುತ್ತದೆ. ಮಲೆನಾಡಿನಲ್ಲಿ ಕಿಟಕಿಯಾಚೆಯ ಅಡಿಕೆ ತೋಟ ಬಿಳಿ ಗೋಡೆಗೆ ಹಸಿರು ಛಾಯೆ ಕೊಡುತ್ತದೆ. ಬೆಂಗಳೂರಿನ ಒತ್ತೊತ್ತಾದ ಸೈಟುಗಳಲ್ಲಿ ಪಕ್ಕದ ಮನೆಯವರ ಕಿತ್ತಳೆ ಗೋಡೆಯೇ ಒಳಗಿನ ಬಣ್ಣವನ್ನು ನಿರ್ಧರಿಸುತ್ತದೆ. ಇದ್ಯಾವುದೂ ಕಾರ್ಡಿನಲ್ಲಿ ಇರುವುದಿಲ್ಲ. ಮೊಬೈಲಿನಲ್ಲಂತೂ ಇರುವುದೇ ಇಲ್ಲ. ಪರದೆ ತಾನೇ ಬೆಳಕು ಸೂಸುತ್ತದೆ, ಗೋಡೆ ತನ್ನ ಮೇಲೆ ಬಿದ್ದದ್ದನ್ನು ಹಿಂದಿರುಗಿಸುತ್ತದೆ. ರಾತ್ರಿ ತನ್ನಷ್ಟಕ್ಕೆ ಹಳದಿಗೆ ತಿರುಗುವ ಪರದೆಯಲ್ಲಿ ಕೋಣೆಯ ಬಣ್ಣ ಆರಿಸುವುದು ಎಷ್ಟು ಸರಿ?

ಉತ್ತರ ದಿಕ್ಕಿನ ಕೋಣೆಗೆ ಬಿಸಿಲು ಬರುವುದಿಲ್ಲ, ಸದಾ ನೀಲಿ ಬೆರೆತ ಬೆಳಕು, ಆದ್ದರಿಂದ ಅಲ್ಲಿ ಬೆಚ್ಚನೆಯ ಬಣ್ಣವೇ ಬೇಕು ಎಂಬ ಸಲಹೆಯೂ ಈಗ ಎಲ್ಲೆಡೆ ಓಡಾಡುತ್ತಿದೆ. ಲಂಡನ್ನಿನಂಥ ಊರಿಗೆ ಅದು ಹೊಂದುತ್ತದೆ. ಇಡೀ ಕರ್ನಾಟಕ ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಶೂನ್ಯ ನೆರಳಿನ ದಿನ. ಇವೆರಡರ ನಡುವಿನ ತಿಂಗಳುಗಳಲ್ಲಿ ನಡುಮಧ್ಯಾಹ್ನದ ಸೂರ್ಯ ಉತ್ತರದ ಕಡೆಗೇ ಇರುತ್ತಾನೆ. ನೆತ್ತಿಯ ಬಿಸಿಲನ್ನು ಸಜ್ಜಾ ತಡೆದರೂ, ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಉತ್ತರದ ಕಿಟಕಿಯಿಂದ ಒಳಗೆ ಬರುತ್ತದೆ. ಪರದೇಶದ ಅಕ್ಷಾಂಶಕ್ಕೆ ಬರೆದ ಸಲಹೆಯನ್ನು ಕನ್ನಡಕ್ಕೆ ತಿರುಗಿಸಿ ಹಂಚುವವರು ಒಂದು ದಿನ ಸ್ವಂತ ಕಿಟಕಿಯ ಬಳಿ ನಿಂತು ನೋಡಬಾರದೇ?

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು.

ಚಿಕ್ಕ ಕೋಣೆಗೆ ಬಿಳಿ ಹೊಡೆದರೆ ಸಾಕು, ಬೆಳಕಾಗುತ್ತದೆ ಎನ್ನುತ್ತಾರೆ. ಕಿಟಕಿಯೇ ಇಲ್ಲದ ಕೋಣೆಯಲ್ಲಿ ಬಿಳಿಗೆ ಹಿಂದಿರುಗಿಸಲು ಬೆಳಕೇ ಇರುವುದಿಲ್ಲ, ಅದು ಬೂದಾಗಿ ಕಾಣುತ್ತದೆ.

ಒದ್ದೆ ಇರುವಾಗಲೇ ಬಣ್ಣ ಸರಿಯಿಲ್ಲವೆಂದು ಪೇಂಟರನ್ನು ನಿಲ್ಲಿಸುವವರಿದ್ದಾರೆ. ಎಮಲ್ಷನ್ನಿನ ಹಾಲಿನಂಥ ಅಂಟು ಒಣಗುತ್ತಾ ಪಾರದರ್ಶಕವಾಗುವುದರಿಂದ ಬಣ್ಣ ಸಾಮಾನ್ಯವಾಗಿ ಗಾಢವಾಗುತ್ತದೆ, ಸುಣ್ಣ ಮಾತ್ರ ಬಳಿಯುವಾಗ ನೀರಿನಂತಿದ್ದು ಒಣಗಿದ ಮೇಲೆ ಬೆಳ್ಳಗಾಗುತ್ತದೆ.

ಗುಲಾಬಿ ಗೋಡೆ ಸಿಟ್ಟು ಇಳಿಸುತ್ತದೆ ಎಂಬ ಮಾತು 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆಯ ಬಂದೀಖಾನೆಯಲ್ಲಿ ನಡೆದ ಪ್ರಯೋಗದಿಂದ ಹಬ್ಬಿತು. ಸ್ವಿಟ್ಜರ್ಲೆಂಡಿನ ಜೈಲೊಂದರಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಂಥ ಪರಿಣಾಮ ಕಾಣಲಿಲ್ಲ.

ಬಣ್ಣಗಳನ್ನು ಹೋಲಿಸುವ ಸರಿಯಾದ ದಾರಿ ಕಷ್ಟದ್ದೇನಲ್ಲ. ಎರಡಡಿ ಚೌಕದ ದಪ್ಪ ರಟ್ಟಿಗೋ ಪ್ಲೈವುಡ್ ತುಂಡಿಗೋ ಪ್ರೈಮರ್ ಹೊಡೆದು, ಸ್ಯಾಂಪಲ್ ಡಬ್ಬಿಯ ಬಣ್ಣವನ್ನು ಎರಡು ಕೋಟ್ ಬಳಿದು, ಒಂದು ದಿನ ಒಣಗಲು ಬಿಡಬೇಕು. ಸುತ್ತ ಬಿಳಿ ಅಂಚು ಉಳಿಸಿದರೆ ಹಳೆಯ ಗೋಡೆಯ ಬಣ್ಣ ಕಣ್ಣನ್ನು ಅಷ್ಟಾಗಿ ದಾರಿ ತಪ್ಪಿಸುವುದಿಲ್ಲ. ಮೇಜಿನ ಮೇಲೆ ಮಲಗಿಸದೆ ಗೋಡೆಗೆ ಒರಗಿಸಿ ನೋಡಬೇಕು, ಏಕೆಂದರೆ ಮಲಗಿದ ಮೇಲ್ಮೈಗೆ ಬೀಳುವ ಬೆಳಕೇ ಬೇರೆ, ನಿಂತದ್ದಕ್ಕೆ ಬೀಳುವುದೇ ಬೇರೆ. ಬೆಳಿಗ್ಗೆ, ಮಧ್ಯಾಹ್ನ, ಮತ್ತು ರಾತ್ರಿ ಮನೆಯದೇ ದೀಪ ಹಾಕಿ, ಕಿಟಕಿಯ ಪಕ್ಕದಲ್ಲೂ ಎದುರಲ್ಲೂ ಇಟ್ಟು ನೋಡಬೇಕು. ಹಲಗೆ ಒಂದೇ ಆದ್ದರಿಂದ ನಾಲ್ಕು ಗೋಡೆಗಳ ಪುಟಿತ ಅದರಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಒಂದೇ ಬಣ್ಣದ ಎರಡು ಹಲಗೆಗಳನ್ನು ಮೂಲೆಯಂತೆ ಕೂಡಿಸಿ ನೋಡಬಹುದು, ಇಲ್ಲವೇ ಇಷ್ಟವಾದದ್ದಕ್ಕಿಂತ ಒಂದು ಮಟ್ಟ ತಿಳಿಯಾದ ಶೇಡ್ ಆರಿಸಬಹುದು. ಒಳ್ಳೆಯ ಪೇಂಟರುಗಳು ಈ ಮಾತನ್ನು ಹೇಳುತ್ತಲೇ ಇರುತ್ತಾರೆ.

ಅವರ ಮಾತು ಕೇಳುವವರು ಕಡಿಮೆ ಎಂಬುದೇ ಬೇಸರದ ಸಂಗತಿ. ಅಚ್ಚಾದ ಕಾರ್ಡನ್ನು ನಂಬುತ್ತಾರೆ, ಅದರ ಅಂಚಿನಲ್ಲಿ ಸಾಮಾನ್ಯವಾಗಿ ಇರುವ ‘ಬಣ್ಣದಲ್ಲಿ ವ್ಯತ್ಯಾಸ ಇರಬಹುದು’ ಎಂಬ ಸಣ್ಣಕ್ಷರದ ಸಾಲನ್ನು ಓದುವುದಿಲ್ಲ. ದಿಕ್ಕಿಗೊಂದು ಬಣ್ಣ ಹೇಳುವ ವಿಡಿಯೊ ನಂಬುತ್ತಾರೆ, ಇಪ್ಪತ್ತು ವರ್ಷ ರೋಲರ್ ಹಿಡಿದವನ ಅನುಭವವನ್ನು ಬದಿಗಿಡುತ್ತಾರೆ. ಗೋಡೆ ಬೇರೆಯಾಗಿ ಕಂಡ ದಿನ ಅವನ ಕೂಲಿಯಲ್ಲಿ ಹಿಡಿದುಕೊಳ್ಳುತ್ತಾರೆ, ಇಲ್ಲವೇ ಇನ್ನೊಂದು ಕೋಟ್ ಬಿಟ್ಟಿ ಹೊಡೆಸುತ್ತಾರೆ. ಇದು ಅನ್ಯಾಯ. ಚೀಟಿಯ ನಂಬರ್ ಸರಿಯಿದ್ದು, ಕೋಟ್ ಸಮನಾಗಿ ಕೂತಿದ್ದರೆ ಅವನ ಕೆಲಸ ಮುಗಿದಿದೆ, ಪೂರ್ತಿ ಕೂಲಿ ಅವನಿಗೆ ಸಲ್ಲಬೇಕು.