ಊರು ಬಿಟ್ಟವನ ಬ್ಯಾಟು

ನಾಗಪುರದ ರಾಮದಾಸಪೇಠ್‌ ಎಂದರೆ ಆಸ್ಪತ್ರೆಗಳ ಬಡಾವಣೆ. ಸೆಂಟ್ರಲ್ ಬಜಾರ್ ರಸ್ತೆಯಿಂದ ಲೆಂಡ್ರಾ ಪಾರ್ಕಿನ ಕಡೆ ಹೊರಟರೆ ಒಂದು ದವಾಖಾನೆ ದಾಟುವಷ್ಟರಲ್ಲಿ ಇನ್ನೊಂದರ ಬೋರ್ಡು ಕಾಣಿಸುತ್ತದೆ. ನಡುನಡುವೆ ಔಷಧಿ ಅಂಗಡಿಗಳು. 2025ರ ಜನವರಿಯಲ್ಲಿ ಭಾವನವರ ತಪಾಸಣೆಗೆ ಜೊತೆಯಾಗಲೆಂದು ಅಲ್ಲಿ ಅಕ್ಕನ ಮನೆಯಲ್ಲಿ ಒಂದು ವಾರ ಇದ್ದೆ. ಸಂಕ್ರಾಂತಿ ಮುಗಿದು ಎರಡು ದಿನವಾಗಿತ್ತು. ಹರಿದ ಗಾಳಿಪಟಗಳು ಕರೆಂಟಿನ ತಂತಿಗಳಲ್ಲಿ ಇನ್ನೂ ನೇತಾಡುತ್ತಿದ್ದವು. ನೆರೆಮನೆಯವರು ಕೊಟ್ಟ ತಿಳ್‌ಗುಳ್ ಉಂಡೆಯ ಡಬ್ಬಿ, ನಾನು ಬೆಂಗಳೂರಿನಿಂದ ಒಯ್ದ ಎಳ್ಳು-ಬೆಲ್ಲದ ಪೊಟ್ಟಣ, ಎರಡೂ ಅಕ್ಕನ ಅಡುಗೆಮನೆಯ ಕಟ್ಟೆಯ ಮೇಲೆ ಅಕ್ಕಪಕ್ಕ ಕೂತಿದ್ದವು.

ಗುರುವಾರ, ಜನವರಿ 16. ಮಾತ್ರೆ ತರಲು ಹೋದವನಿಗೆ ಔಷಧಿ ಅಂಗಡಿಯ ಮುಂದೆ ಐದಾರು ಜನ ಬಗ್ಗಿ ನಿಂತಿದ್ದು ಕಂಡಿತು. ಕೌಂಟರಿನ ಹುಡುಗ ಟಾನಿಕ್ ಬಾಟಲಿಗೆ ಮೊಬೈಲ್ ಒರಗಿಸಿಟ್ಟಿದ್ದ. ವಡೋದರದ ಕೋಟಂಬಿ ಕ್ರೀಡಾಂಗಣದಲ್ಲಿ ವಿಜಯ್ ಹಜಾರೆ ಟ್ರೋಫಿಯ ಸೆಮಿಫೈನಲ್, ವಿದರ್ಭ ಮತ್ತು ಮಹಾರಾಷ್ಟ್ರದ ನಡುವೆ. ಹಿಂದಿನಿಂದ ಬಂದವರೊಬ್ಬರು ಕೇಳಿದರು: “ಕರುಣ್ ಆಹೇ ನಾ?” ಹುಡುಗ ತಲೆ ಎತ್ತದೆ ಹೇಳಿದ: “ಆಹೇ, ಆಹೇ.”

ಇದ್ದಾನೆ. ಆ ಒಂದು ಮಾತಿನಲ್ಲಿ ಎಷ್ಟು ನೆಮ್ಮದಿ! ನಾಗಪುರದವರು ಮನೆಮಗನ ಹಾಗೆ ಕರೆಯುತ್ತಿದ್ದ ಆ ಹೆಸರು ನಮ್ಮ ಕರುಣ್ ನಾಯರ್‌ನದು. ಜೋಧಪುರದಲ್ಲಿ ಹುಟ್ಟಿದ ಮಲಯಾಳಿ ಮನೆಯ ಹುಡುಗ; ಬೆಳೆದದ್ದು, ಬ್ಯಾಟು ಹಿಡಿದದ್ದು ಬೆಂಗಳೂರಿನಲ್ಲಿ. ಮಾತ್ರೆಯ ಚೀಟಿಯನ್ನು ಕೈಯಲ್ಲೇ ಹಿಡಿದು ನಾನೂ ಆ ಗುಂಪಿಗೆ ಸೇರಿದೆ.

ವಿದರ್ಭದವರಿಗೆ ಮಹಾರಾಷ್ಟ್ರ ತಂಡ ಬರೀ ಎದುರಾಳಿಯಲ್ಲ. ಒಂದೇ ರಾಜ್ಯದಲ್ಲಿ ಮುಂಬೈ, ಮಹಾರಾಷ್ಟ್ರ, ವಿದರ್ಭ ಎಂದು ಮೂರು ಕ್ರಿಕೆಟ್ ತಂಡಗಳಿವೆ. 1956ರವರೆಗೆ ನಾಗಪುರ ಮಧ್ಯಪ್ರದೇಶದ ರಾಜಧಾನಿಯಾಗಿತ್ತು. ರಾಜ್ಯಗಳು ಮರುವಿಂಗಡಣೆಯಾದಾಗ ಆ ಪಟ್ಟ ಹೋಯಿತು. ಈಗ ಚಳಿಗಾಲದಲ್ಲೊಮ್ಮೆ ವಿಧಾನಮಂಡಲದ ಅಧಿವೇಶನ ಇಲ್ಲಿಗೆ ಬಂದು ಹೋಗುತ್ತದೆ. ಪುಣೆ-ಮುಂಬೈಗಳು ತಮ್ಮನ್ನು ಮರೆತವು ಎಂಬ ನೋವು ಇಲ್ಲಿಯ ಹಿರಿಯರ ಮಾತಿನಲ್ಲಿ ಆಗಾಗ ಹೊರಬೀಳುತ್ತದೆ. ಬೀದರ್, ಕಲಬುರಗಿಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ದೂರದ ವಡೋದರದಲ್ಲಿ ಮಹಾರಾಷ್ಟ್ರವನ್ನು ಸೋಲಿಸುವುದೆಂದರೆ ರಾಮದಾಸಪೇಠಿನ ಆ ಕೌಂಟರಿಗೆ ಟ್ರೋಫಿಗಿಂತ ಹೆಚ್ಚಿನದೇನೋ ಆಗಿತ್ತು.

ಆಟಕ್ಕೆ ಬರುತ್ತೇನೆ. ಧ್ರುವ್ ಶೋರಿ 114, ಯಶ್ ರಾಠೋಡ್ 116. ಮೊದಲ ವಿಕೆಟ್ಟಿಗೆ 224 ರನ್. ಅಡಿಪಾಯ ಇಷ್ಟು ಗಟ್ಟಿಯಾಗಿದ್ದಾಗ ನಾಯಕ ಕರುಣ್ ಒಳಗೆ ಬಂದ. ಇಂಥ ಹೊತ್ತಿನಲ್ಲಿ ಬರುವ ದಾಂಡಿಗನಿಗೆ ಒಂದು ಅಪಾಯವಿದೆ: ಮೊದಲ ಎಸೆತದಿಂದಲೇ ಬೀಸಲು ಹೋಗಿ ಔಟಾಗಿ, ಹಿಂದಿನವರ ದುಡಿಮೆಯನ್ನು ನೀರುಪಾಲು ಮಾಡುವುದು. ಕರುಣ್ ಹಾಗೆ ಮಾಡುವವನಲ್ಲ. ಅವನದು ದೈತ್ಯ ತೋಳುಗಳ ಆಟವಲ್ಲ, ಮಣಿಕಟ್ಟಿನದು. ಕ್ಷೇತ್ರರಕ್ಷಕರು ಎಲ್ಲಿದ್ದಾರೆ ಎಂದು ಮೊದಲು ಮನಸ್ಸಿನಲ್ಲಿ ನಕ್ಷೆ ಬರೆದುಕೊಳ್ಳುತ್ತಾನೆ. ಕೊನೆಯ ಹತ್ತು ಓವರುಗಳಲ್ಲಿ ವೃತ್ತದ ಹೊರಗೆ ಐವರು ನಿಲ್ಲಬಹುದು, ಆರನೆಯವನಿಗೆ ಜಾಗವಿಲ್ಲ. ಆ ಆರನೆಯವನು ಇಲ್ಲದ ಕಡೆಗೇ ಚೆಂಡು ಹೋಗುತ್ತದೆ. ಪಾಯಿಂಟ್ ಹಿಂದಕ್ಕೆ ಸರಿದರೆ ಸ್ವೀಪ್, ಸ್ಕ್ವೇರ್ ಲೆಗ್ ಹಿಂದಕ್ಕೆ ಸರಿದರೆ ಕವರಿನ ಮೇಲೆ ಎತ್ತಿ ಹೊಡೆತ.

ಅಂದು ಅವನು ಎದುರಿಸಿದ್ದು 44 ಎಸೆತ, ಗಳಿಸಿದ್ದು ಔಟಾಗದೆ 88. ಒಂದೊಂದು ಎಸೆತಕ್ಕೆ ಎರಡೆರಡು ರನ್. 9 ಬೌಂಡರಿ, 5 ಸಿಕ್ಸರ್. ಅಂದರೆ 14 ಎಸೆತಗಳಲ್ಲಿ 66 ರನ್, ಉಳಿದ 30 ಎಸೆತಗಳಲ್ಲಿ 22. ಈ ಎರಡನೆಯ ಲೆಕ್ಕ ನನಗೆ ಹೆಚ್ಚು ಪ್ರಿಯ. ಹೊಡೆಯಬಾರದ ಎಸೆತವನ್ನು ಬಿಟ್ಟು, ತಿರುಗಿಸಿ, ಒಂದೊಂದೇ ರನ್ ಓಡಿದ ತಾಳ್ಮೆ ಅದರಲ್ಲಿದೆ. ಜಿತೇಶ್ ಶರ್ಮ ಇನ್ನೊಂದು ತುದಿಯಲ್ಲಿ 33 ಎಸೆತಗಳಲ್ಲಿ 51 ಹೊಡೆದ. 50 ಓವರುಗಳಲ್ಲಿ ವಿದರ್ಭ 3 ವಿಕೆಟ್ಟಿಗೆ 380.

ಕೊನೆಯ ಓವರು ಮಾತ್ರ ನನ್ನ ಮನಸ್ಸಿನಲ್ಲಿ ಬೇರೆಯೇ ಆಗಿ ಉಳಿದಿದೆ. 24 ರನ್ ಬಂದ ಆ ಓವರು ಎಸೆದವನು ರಜನೀಶ್ ಗುರ್ಬಾನಿ.

ಈ ಹೆಸರು ಕೇಳಿದರೆ ಕರ್ನಾಟಕದ ಕ್ರಿಕೆಟ್ ಪ್ರೇಮಿಗೆ ಈಗಲೂ ಹೊಟ್ಟೆಯಲ್ಲಿ ಏನೋ ಹಿಂಡುತ್ತದೆ. 2017ರ ಡಿಸೆಂಬರ್, ಕೋಲ್ಕತ್ತದ ಈಡನ್ ಗಾರ್ಡನ್ಸ್, ರಣಜಿ ಸೆಮಿಫೈನಲ್. ಕರ್ನಾಟಕದ ಮೊದಲ ಇನಿಂಗ್ಸಿನಲ್ಲಿ ಕರುಣ್ 153 ಹೊಡೆದು 116 ರನ್ನುಗಳ ಮುನ್ನಡೆಗೆ ದಾರಿ ಮಾಡಿದ್ದ. ಗೆಲ್ಲಲು ಕೊನೆಗೆ ಬೇಕಿದ್ದದ್ದು 198. ವಿದರ್ಭದ ಹುಡುಗ ಗುರ್ಬಾನಿ, ಸಿವಿಲ್ ಎಂಜಿನಿಯರಿಂಗ್ ಓದಿದವನು, 68 ರನ್ನಿಗೆ 7 ವಿಕೆಟ್ ಕಿತ್ತ. ವಿನಯ್ ಕುಮಾರ್, ಮಿಥುನ್, ಶ್ರೇಯಸ್ ಗೋಪಾಲ್ ಕೊನೆಯ ಬೆಳಗ್ಗೆ ಜೀವ ತೇಯ್ದು ಹೋರಾಡಿದರೂ ಕರ್ನಾಟಕ 192ಕ್ಕೆ ನಿಂತಿತು. ಐದೇ ರನ್! ಫೈನಲ್ಲಿನಲ್ಲಿ ಗುರ್ಬಾನಿ ದೆಹಲಿಯ ವಿರುದ್ಧ ಹ್ಯಾಟ್ರಿಕ್ ಪಡೆದ. 1957-58ರಿಂದ ರಣಜಿ ಆಡುತ್ತಿದ್ದ ವಿದರ್ಭ 2018ರ ಹೊಸ ವರ್ಷದ ದಿನ ಮೊದಲ ಬಾರಿ ಕಪ್ ಎತ್ತಿತು.

ಏಳು ವರ್ಷಗಳ ನಂತರ ಅದೇ ಗುರ್ಬಾನಿ ಮಹಾರಾಷ್ಟ್ರದ ಅಂಗಿಯಲ್ಲಿ, ಅದೇ ಕರುಣ್ ವಿದರ್ಭದ ಅಂಗಿಯಲ್ಲಿ. ಅಂದು ಗುರ್ಬಾನಿಗೆ ಕೈ ಮುಗಿದಿದ್ದ ಊರು ಇಂದು ಅವನನ್ನು ಹೊಡೆಯುತ್ತಿದ್ದ ಕರುಣ್‌ಗೆ ಚಪ್ಪಾಳೆ ತಟ್ಟುತ್ತಿತ್ತು. ಆದರೆ ಔಷಧಿ ಅಂಗಡಿಯ ಮುಂದೆ ಯಾರೂ ಗುರ್ಬಾನಿಯನ್ನು ಹೀಗಳೆಯಲಿಲ್ಲ. ಒಬ್ಬರು ನಾಲಿಗೆ ಲೊಚಗುಟ್ಟಿದ್ದು ಮಾತ್ರ ಕೇಳಿಸಿತು. ಆ ಸದ್ದಿಗಾಗಿ ನಾಗಪುರವನ್ನು ನಾನು ಇನ್ನಷ್ಟು ಇಷ್ಟಪಟ್ಟೆ.

ಮಹಾರಾಷ್ಟ್ರ 7 ವಿಕೆಟ್ಟಿಗೆ 311 ಗಳಿಸಿತು. ವಿದರ್ಭಕ್ಕೆ 69 ರನ್ನುಗಳ ಗೆಲುವು.

ಕರುಣ್ ನಾಗಪುರಕ್ಕೆ ಹೇಗೆ ಬಂದ ಎಂಬುದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. 2015ರ ರಣಜಿ ಫೈನಲ್ಲಿನಲ್ಲಿ ತಮಿಳುನಾಡಿನ ವಿರುದ್ಧ 328 ಹೊಡೆದು ನಮಗೆ ಕಪ್ ಕೊಟ್ಟವನು ಅವನು. 2016ರ ಜುಲೈನಲ್ಲಿ ಕೇರಳದ ಆರನ್ಮುಳದಲ್ಲಿ ಪಂಪಾ ನದಿಯಲ್ಲಿ ದೋಣಿ ಮಗುಚಿ, ಸಾವಿನ ಬಾಯಿಂದ ಪಾರಾಗಿ ಬಂದ. ಅದೇ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ವಿರುದ್ಧ ಔಟಾಗದೆ 303. ಭಾರತದ ಪರ ಟೆಸ್ಟಿನಲ್ಲಿ ತ್ರಿಶತಕ ಹೊಡೆದವರು ಅದಕ್ಕೂ ಮೊದಲು ಸೆಹ್ವಾಗ್ ಒಬ್ಬರೇ. ಕೆಲವೇ ತಿಂಗಳುಗಳಲ್ಲಿ ಟೆಸ್ಟ್ ತಂಡದಿಂದ ಹೊರಗೆ. 2022ರಲ್ಲಿ ಕರ್ನಾಟಕ ತಂಡದಲ್ಲೂ ಜಾಗವಿಲ್ಲ. ಆ ವರ್ಷದ ಡಿಸೆಂಬರ್ 10ರಂದು ಟ್ವಿಟರಿನಲ್ಲಿ ಅವನು ಕ್ರಿಕೆಟ್ಟನ್ನೇ ಸಂಬೋಧಿಸಿ, ಇನ್ನೊಂದು ಅವಕಾಶ ಕೊಡು ಎಂದು ಬೇಡಿಕೊಂಡಿದ್ದನ್ನು ಓದಿ ಕಣ್ಣು ತುಂಬಿಕೊಂಡವರಲ್ಲಿ ನಾನೂ ಒಬ್ಬ. ರನ್ನು ಬತ್ತಿದಾಗ ಕೈಬಿಡುವುದು ಆಯ್ಕೆಗಾರರ ಕೆಲಸವಿರಬಹುದು. ಆದರೂ ಆಗ ನಾವು, ನೋಡುವವರು, ಅವನನ್ನು ಬೇಗ ಮರೆತೆವು.

2023ರಲ್ಲಿ ವಿದರ್ಭ ಅವನನ್ನು ಕರೆಯಿತು. ಆ ಊರಿಗೆ ಇದು ಹೊಸತಲ್ಲ. ದಾವಣಗೆರೆಯಲ್ಲಿ ಹುಟ್ಟಿದ ನಮ್ಮ ಗಣೇಶ್ ಸತೀಶ್ ಹಿಂದೆಯೇ ಅಲ್ಲಿಗೆ ಹೋಗಿ, ವಿದರ್ಭದ ಮೊದಲ ಎರಡು ರಣಜಿ ಕಪ್‌ಗಳಲ್ಲೂ ಪಾಲು ಪಡೆದಿದ್ದ. ಕೋಲ್ಕತ್ತದ ಆ ಐದು ರನ್ನಿನ ಸೋಲಿನ ಹಿಂದೆ ಅವನ ಬ್ಯಾಟೂ ಇತ್ತು; ಎರಡನೆಯ ಇನಿಂಗ್ಸಿನಲ್ಲಿ ಅವನು 81 ಹೊಡೆದಿದ್ದ. 2024ರ ಫೆಬ್ರುವರಿಯಲ್ಲಿ ರಣಜಿ ಕ್ವಾರ್ಟರ್ ಫೈನಲ್ ಆಡಲು ಕರ್ನಾಟಕವೇ ನಾಗಪುರಕ್ಕೆ ಬಂದಾಗ ಕರುಣ್ 90 ಹೊಡೆದ. ನಾವು 127 ರನ್ನಿನಿಂದ ಸೋತೆವು.

ಮತ್ತೆ 2025ಕ್ಕೆ. ಆ ಸಲದ ಹಜಾರೆ ಟ್ರೋಫಿಯಲ್ಲಿ ಸೆಮಿಫೈನಲ್ಲಿನವರೆಗೆ ಕರುಣ್ ಗಳಿಸಿದ್ದನ್ನು ಸಾಲಾಗಿ ಓದಿ: 112, 44, 163, 111, 112, 122, 88. ಏಳು ಇನಿಂಗ್ಸುಗಳಲ್ಲಿ ಒಮ್ಮೆ ಮಾತ್ರ ಔಟು. ನಡುವೆ ಔಟಾಗದೆಯೇ 542 ರನ್ ಗಳಿಸಿ ನ್ಯೂಜಿಲೆಂಡಿನ ಜೇಮ್ಸ್ ಫ್ರಾಂಕ್ಲಿನ್ ಅವರ 527ರ ವಿಶ್ವದಾಖಲೆ ಮುರಿದ. ಇವೆಲ್ಲ ನಾಗಪುರದ ಹೊರಗೆ, ಬೇರೆ ಊರಿನ ಅಂಗಳಗಳಲ್ಲಿ ಬಂದ ರನ್ನುಗಳು. ರಾಮದಾಸಪೇಠ್ ಅವನ್ನು ಮೊಬೈಲಿನಲ್ಲೇ ನೋಡಿ ನಲಿಯಿತು.

ಶನಿವಾರದ ಫೈನಲ್ಲಿಗೆ ಎದುರಾಳಿ ಕರ್ನಾಟಕ. ನಾಗಪುರದಲ್ಲೇ ಹುಟ್ಟಿ ಬೆಳೆದ ಅಕ್ಕನ ಮಗ ಬೆಳಗ್ಗೆಯೇ ಕೇಳಿದ: “ಮಾಮಾ, ನೀವು ಯಾರ ಕಡೆ?” ಕರ್ನಾಟಕ ಗೆಲ್ಲಲಿ, ಕರುಣ್ ನೂರು ಹೊಡೆಯಲಿ ಎಂದೆ. ಅಕ್ಕ ಅಡುಗೆಮನೆಯಿಂದಲೇ, “ಹಾಗೆಲ್ಲ ಎರಡೂ ಕೇಳಬಾರದು ಕಣೋ,” ಎಂದಳು. ಸ್ಮರಣ್ ರವಿಚಂದ್ರನ್ 101, ಅಭಿನವ್ ಮನೋಹರ್ 79, ಶ್ರೀಜಿತ್ 78, ಕರ್ನಾಟಕ 348. ಪ್ರಸಿದ್ಧ್ ಕೃಷ್ಣ ಕರುಣ್‌ನ ವಿಕೆಟ್ ಉರುಳಿಸಿದಾಗ ಅವನ ಗಳಿಕೆ 27. ಒಟ್ಟು 779. ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಅಳಿಯ ರಿಮೋಟ್ ಕೆಳಗಿಟ್ಟ. ನನ್ನ ಬಾಯಿಂದ ಸಂತೋಷದ ಮಾತು ಹೊರಡಲಿಲ್ಲ, ನನ್ನ ರಾಜ್ಯದ ಬೌಲರನೇ ಆ ವಿಕೆಟ್ ತೆಗೆದಿದ್ದರೂ. ಶೋರಿ 110, ಹರ್ಷ್ ದುಬೆ 30 ಎಸೆತಗಳಲ್ಲಿ 63 ಹೊಡೆದರೂ ವಿದರ್ಭ 312ಕ್ಕೆ ಮುಗಿಯಿತು. 36 ರನ್ನಿನಿಂದ ಗೆದ್ದ ಕರ್ನಾಟಕಕ್ಕೆ ಅದು ಐದನೆಯ ಹಜಾರೆ ಕಪ್.

ನಾಗಪುರದ ಪಾಲಿನ ಕಪ್ ಹೆಚ್ಚು ಕಾಯಿಸಲಿಲ್ಲ. ಫೆಬ್ರುವರಿ ಕೊನೆಯಲ್ಲಿ, ರಾಮದಾಸಪೇಠಿನಿಂದ ವರ್ಧಾ ರಸ್ತೆ ಹಿಡಿದು ಹೋದರೆ ಸಿಗುವ ಜಾಮ್‌ಠಾ ಕ್ರೀಡಾಂಗಣದಲ್ಲಿ ಕೇರಳದ ವಿರುದ್ಧ ರಣಜಿ ಫೈನಲ್. 24 ರನ್ನಿಗೆ 3 ವಿಕೆಟ್ ಬಿದ್ದಾಗ ಕರುಣ್ ಮತ್ತು ಎಳೆಯ ದಾನಿಶ್ ಮಾಲೇವಾರ್ 215 ರನ್ ಕೂಡಿಸಿದರು. ಕರುಣ್ 86ಕ್ಕೆ ರನೌಟ್, ಎರಡನೆಯ ಇನಿಂಗ್ಸಿನಲ್ಲಿ 135. ಶತಕ ಮುಟ್ಟಿದಾಗ ಒಂಬತ್ತು ಬೆರಳು ಎತ್ತಿ ತೋರಿಸಿದ. ಆ ಋತುವಿನ ಒಂಬತ್ತನೆಯ ಶತಕ. ಮೊದಲ ಇನಿಂಗ್ಸಿನ 37 ರನ್ ಮುನ್ನಡೆಯ ಮೇಲೆ ವಿದರ್ಭಕ್ಕೆ ಮೂರನೆಯ ರಣಜಿ ಕಪ್. ಅಳಿಯ ಅಲ್ಲೇ ಇದ್ದ, ಸಂಜೆ ಫೋನಿನಲ್ಲಿ ಅವನ ಗಂಟಲು ಕಟ್ಟಿಹೋಗಿತ್ತು.

ಆ ಜೂನಿನಲ್ಲಿ, ಎಂಟು ವರ್ಷಗಳ ನಂತರ, ಲೀಡ್ಸಿನಲ್ಲಿ ಕರುಣ್ ಭಾರತದ ಟೆಸ್ಟ್ ಟೋಪಿ ಮತ್ತೆ ಧರಿಸಿದ. ಇಂಗ್ಲೆಂಡಿನಲ್ಲಿ ಬಯಸಿದಷ್ಟು ರನ್ ಬರಲಿಲ್ಲ, ಆ ಜಾಗ ಉಳಿಯಲಿಲ್ಲ. ಆದರೆ ಮುಂದಿನ ಋತುವಿಗೆ ಅವನು ಕರ್ನಾಟಕಕ್ಕೆ ಮರಳಿದ. ಅಕ್ಟೋಬರಿನಲ್ಲಿ ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಔಟಾಗದೆ 174. ನವೆಂಬರಿನಲ್ಲಿ ತಿರುವನಂತಪುರಕ್ಕೆ ಹೋಗಿ ಕೇರಳದ ವಿರುದ್ಧ 233. ಜೊತೆಗೆ ಸ್ಮರಣ್ ಔಟಾಗದೆ 220. ಪರರ ಅಂಗಳದಲ್ಲಿ ಕರ್ನಾಟಕ ಇನಿಂಗ್ಸ್ ಮತ್ತು 164 ರನ್ನಿನಿಂದ ಗೆದ್ದಿತು.

ಆ 233 ಮುಗಿದ ದಿನ ರಾಮದಾಸಪೇಠಿನಿಂದ ಅಳಿಯ ಕರೆ ಮಾಡಿದ್ದ. ಔಷಧಿ ಅಂಗಡಿಯ ಹುಡುಗ ಅವತ್ತೂ ಮೊಬೈಲ್ ಒರಗಿಸಿಟ್ಟು ಕೂತಿದ್ದನಂತೆ. ವಿದರ್ಭದ ಪಂದ್ಯದ ನಡುವೆ ತಿರುವನಂತಪುರದ ಸ್ಕೋರನ್ನೂ ಆಗಾಗ ತೆಗೆದು ನೋಡುತ್ತಿದ್ದನಂತೆ.