ಸೈಕಲ್ಲಿನ ಪಂದ್ಯವೂ ಸವಾರಿಯ ಸುಖವೂ

ತಾಂಬಾದ ಎರೆಹೊಲಗಳ ನಡುವೆ ಸೈಕಲ್ಲು ತುಳಿಯುವವರಿಗೆ ಎದುರುಗಾಳಿಯೇ ಮೊದಲ ಗುರುವು. ಇಂಥ ಬಯಲುಸೀಮೆಯಾದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಒಕ್ಕಲುಮಕ್ಕಳು ರಾಷ್ಟ್ರೀಯ ಪಂದ್ಯಗಳಲ್ಲಿ ಪದಕ ಪಡೆದುದು ನಮಗೆ ಹೆಮ್ಮೆ. ಆದರೆ ಗೆಲವಿನ ಆಶೆಯೇ ಮೊದಲಾದಲ್ಲಿ ಸವಾರಿಯ ಸುಖವೂ ಸತ್ಯವೂ ಉಳಿಯವು. ೧೯೦೩ರಲ್ಲಿ ಫ್ರಾನ್ಸ್ ದೇಶವನ್ನು ಸುತ್ತುವ ೨,೪೨೮ ಕಿಲೋಮೀಟರುಗಳ ಮೊದಲ ವೃತ್ತಿಪಂದ್ಯವನ್ನು ಗೆದ್ದ ಮಾರಿಸ್ ಗಾರೆನ್ ಮರುವರ್ಷವೂ ಮೊದಲಿಗನಾದನು. ಮೋಸದ ಕಾರಣ ಆ ಗೆಲವು ರದ್ದಾಯಿತು. ೨೦೧೨ರಲ್ಲಿ ಲಾನ್ಸ್ ಆರ್ಮ್‌ಸ್ಟ್ರಾಂಗನ ಏಳು ಗೆಲವುಗಳೂ ಮದ್ದಿನ ಸೇವನೆಯಿಂದ ಅಳಿದುಹೋದವು.

ಆದಕಾರಣ, ಪಂದ್ಯದ ಗಾಡಿಗೆಂದು ಸಾಲ ಮಾಡಹೊರಟ ತಂದೆತಾಯಿಗಳು ಮೊದಲು ಮಗುವಿನ ಮೈಯಳತೆಗೆ ಒಪ್ಪುವ ಸಾಮಾನ್ಯ ಸೈಕಲ್ಲನ್ನೇ ಕೊಡಿಸಲಿ. ಚಳಿಗಾಲದ ರಜೆಯಲ್ಲಿ ಜೊತೆಗೂಡಿ ಗೋಳಗುಮ್ಮಟದವರೆಗೆ ತುಳಿದು ಬರಲಿ. ದಣಿದು ಮರಳಿದ ಮಗು ಮರುದಿನ ಸೈಕಲ್ಲನ್ನು ತಾನಾಗಿ ಒರಸಿಟ್ಟರೆ, ಪಂದ್ಯದ ಮಾತನ್ನು ಆಗ ಆಡೋಣ.