ಬಿಲ್ವದ ಚಿಗುರು, ಈಶ್ವರಿಯ ಬಳ್ಳಿ

ಹರಿಹರದಲ್ಲಿ ತುಂಗಭದ್ರೆಯ ದಡದ ಮೇಲೆ, ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಗುಡಿಯೊಳಗೆ, ಅರ್ಧ ಹರಿಯೂ ಅರ್ಧ ಹರನೂ ಆಗಿ ನಿಂತ ಮೂರ್ತಿಗೆ ಕೈಮುಗಿಯುವವರೆಲ್ಲರೂ ಹರಿಗೆ ತುಳಸಿ, ಹರನಿಗೆ ಬಿಲ್ವ ಎಂಬುದನ್ನು ಬಲ್ಲರು. ಆದರೆ ಬಿಲ್ವದ ಎಳೆಯ ಚಿಗುರು ಹರನ ಮುಡಿಯನ್ನು ಸೇರುವ ಮೊದಲೇ ಅದರಲ್ಲಿ ತನ್ನ ಪಾಲನ್ನು ಪಡೆಯುವ ಜೀವವೊಂದು ಉಂಟೆಂಬುದನ್ನು ಬಲ್ಲವರು ವಿರಳ.

ಅದು ನಿಂಬೆ ಚಿಟ್ಟೆಯ ಕಂಬಳಿಹುಳು. ದಾವಣಗೆರೆಯ ಹಿತ್ತಲುಗಳ ನಿಂಬೆ, ಕರಿಬೇವುಗಳೂ ಅದಕ್ಕೆ ಬಿಲ್ವದಷ್ಟೇ ಪ್ರಿಯ. ಎಳೆಯದಾಗಿರುವಾಗ ಎಲೆಯ ಮೇಲೆ ಬಿದ್ದ ಹಕ್ಕಿಯ ಹಿಕ್ಕೆಯಂತೆ ತೋರಿ ಶತ್ರುವಿನ ಕಣ್ಣನ್ನು ತಪ್ಪಿಸುವ ಈ ಹುಳು, ಬಲಿತ ಮೇಲೆ ಎಲೆಯ ಹಸುರನ್ನೇ ಧರಿಸುತ್ತದೆ. ಬೆರಳು ತಾಕಿತೆಂದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬೊಂದನ್ನು ಹೊರಚಾಚಿ ಕಟುವಾದ ವಾಸನೆಯನ್ನು ಬೀರುತ್ತದೆ. ಅಂಬರಗುಬ್ಬಿಯಂತಹ ಬಾಲವುಳ್ಳ ಚಿಟ್ಟೆಗಳೆಂದು ಹೆಸರಾದ ಮಹಾಕುಲವೊಂದಕ್ಕೆ ಈ ಕೊಂಬೇ ಮುದ್ರೆ. ಬಾಲವಿಲ್ಲದ ನಿಂಬೆ ಚಿಟ್ಟೆಯನ್ನೂ ಆ ಕುಲಕ್ಕೆ ಸೇರಿಸಿರುವುದು ಇಂತಹ ಲಕ್ಷಣಗಳೇ ಹೊರತು ಬಾಲವಲ್ಲ.

ಇದೇ ಕುಲದ, ಬಾಲವಿಲ್ಲದ ಇನ್ನೊಂದು ಚಿಟ್ಟೆ, ನಮ್ಮ ರಾಜ್ಯ ಚಿಟ್ಟೆಯೆಂಬ ಗೌರವವನ್ನು ಪಡೆದ ಸದರ್ನ್ ಬರ್ಡ್‌ವಿಂಗ್. ರೆಕ್ಕೆ ಹರಡಿದರೆ 140ರಿಂದ 190 ಮಿಲಿಮೀಟರು, ಎಂದರೆ ಒಂದು ಗೇಣಿಗೆ ಕೊಂಚವೇ ಕಡಿಮೆ. ಮುಂದಿನ ರೆಕ್ಕೆ ಕಾಡಿಗೆಯ ಕಪ್ಪು, ಹಿಂದಿನದು ಹೊಂಬಣ್ಣ, ಕೊರಳ ಬಳಿ ರಕ್ತವರ್ಣದ ಮಚ್ಚೆ. ಸಹ್ಯಾದ್ರಿಯ ಮರಗಳ ನೆತ್ತಿಯ ಮೇಲೆ ರೆಕ್ಕೆ ಬಡಿಯದೆ ತೇಲಿಬರುವ ಅದನ್ನು ಹಕ್ಕಿಯೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಭಾರತದ ಅತಿ ದೊಡ್ಡ ಚಿಟ್ಟೆಯೆಂಬ ಅದರ ಕೀರ್ತಿ 1932ರಿಂದ 88 ವರ್ಷ ಅಬಾಧಿತವಾಗಿದ್ದು, 2020ರಲ್ಲಿ ಉತ್ತರಾಖಂಡದ ಡೀಡೀಹಾಟದಲ್ಲಿ ಅಳೆದ ಗೋಲ್ಡನ್ ಬರ್ಡ್‌ವಿಂಗ್ ಹೆಣ್ಣೊಂದು 194 ಮಿಲಿಮೀಟರು ಮುಟ್ಟಿದಾಗ ಕೈತಪ್ಪಿತು. ನನ್ನ ಮಟ್ಟಿಗಂತೂ ಆ ನಾಲ್ಕು ಮಿಲಿಮೀಟರಿನಿಂದ ಅದರ ಗಾಂಭೀರ್ಯ ಎಳ್ಳಷ್ಟೂ ಕುಗ್ಗಿಲ್ಲ.

ಕಾರವಾರದಲ್ಲಿ ಅರಣ್ಯಾಧಿಕಾರಿಯಾಗಿದ್ದು, ನಿವೃತ್ತಿಯ ಅನಂತರವೂ ಅಲ್ಲಿಯೇ ನೆಲೆಸಿ 1948ರಲ್ಲಿ ತೀರಿಕೊಂಡ ಟಿ. ಆರ್. ಬೆಲ್ ಅವರು, ಡೇವಿಡ್ಸನ್ ಮತ್ತು ಏಟ್ಕೆನ್ ಅವರೊಡಗೂಡಿ 1896ರಲ್ಲೇ ಉತ್ತರ ಕನ್ನಡದ ಚಿಟ್ಟೆಗಳನ್ನು ಕುರಿತು ಬರೆದರು. ಹುಳುಗಳನ್ನು ಸಾಕಿ, ಯಾವ ಹುಳುವಿಗೆ ಯಾವ ಎಲೆಯೆಂದು ಗುರುತಿಸಿದ ಅವರ ತಾಳ್ಮೆ ವಂದನೀಯ. ಬರ್ಡ್‌ವಿಂಗ್‌ನ ಹುಳುವಿಗೆ ಬೇಕಾದುದು ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಬಂಧುಗಳು ಮಾತ್ರ. ಆ ಎಲೆಗಳಲ್ಲಿರುವ ವಿಷವನ್ನು ಹುಳು ಒಡಲಲ್ಲಿ ಕೂಡಿಟ್ಟುಕೊಳ್ಳುವುದು. ರೆಕ್ಕೆ ಮೂಡಿದ ಮೇಲೂ ಆ ವಿಷ ಮೈಯಲ್ಲಿ ಉಳಿಯುವುದರಿಂದ, ಒಮ್ಮೆ ಕಚ್ಚಿ ನೋಡಿದ ಹಕ್ಕಿ ಮರಳಿ ಚಿಟ್ಟೆಯ ತಂಟೆಗೆ ಹೋಗದು.

ಈಶ್ವರಿ ಬಳ್ಳಿ ಬಯಲುಸೀಮೆಗೂ ಹೊಸದಲ್ಲ. ಕಪ್ಪು ರೆಕ್ಕೆ, ಕೆಂಪು ಮೈಯ ಕ್ರಿಮ್ಸನ್ ರೋಸ್ ಚಿಟ್ಟೆ ಅದನ್ನು ತಿಂದು ವಿಷವಂತವಾಗಿ ಬಯಲಲ್ಲಿ ನಿರ್ಭಯವಾಗಿ ಹಾರುತ್ತದೆ. ವಿಷವಿಲ್ಲದ ಕಾಮನ್ ಮಾರ್ಮನ್, ನಿಂಬೆ ಕರಿಬೇವುಗಳನ್ನೇ ತಿಂದು ಬೆಳೆದದ್ದು, ತನ್ನ ಹೆಣ್ಣುಗಳಲ್ಲಿ ಕೆಲವಕ್ಕೆ ಈ ವಿಷವಂತರ ವೇಷವನ್ನೇ ತೊಡಿಸಿ ಕಾಯುತ್ತದೆ. ಆ ವೇಷದ ಗುಟ್ಟು ಡಬಲ್‌ಸೆಕ್ಸ್ ಎಂಬ ಒಂದೇ ಜೀನಿನಲ್ಲಿ ಅಡಗಿದೆಯೆಂಬುದನ್ನು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆಯವರೂ ಸಂಗಡಿಗರೂ 2014ರಲ್ಲಿ ತೋರಿಸಿಕೊಟ್ಟರು.

ವಿಷ ಇಳಿಸುವ ಮದ್ದೆಂದು ಜನ ಈಶ್ವರಿ ಬಳ್ಳಿಯ ಬೇರನ್ನು ಅಗೆಯುತ್ತ ಬಂದಿದ್ದಾರೆ. ಬೇರು ಹೋದಲ್ಲಿ ಬಳ್ಳಿಯಿಲ್ಲ, ಬಳ್ಳಿಯಿಲ್ಲದಲ್ಲಿ ಚಿಟ್ಟೆ ಮೊಟ್ಟೆಯಿಡದು. ತುಂಗೆ ಭದ್ರೆಗಳು ಗಂಗಾಮೂಲದ ಕಾಡಿನಲ್ಲಿ ಹುಟ್ಟಿ, ಕೂಡಲಿಯಲ್ಲಿ ಒಂದಾಗಿ ಹರಿಹರಕ್ಕೆ ಇಳಿಯುವ ಆ ಮೇಲುನಾಡಿನಲ್ಲಿ ಯಾವುದೋ ಬಳ್ಳಿಯ ಮೇಲೆ ಬರ್ಡ್‌ವಿಂಗ್‌ನ ಹುಳು ಚಾಚುವ ಕವಲುಕೊಂಬನ್ನೇ, ದಾವಣಗೆರೆಯ ಹಿತ್ತಲಿನಲ್ಲಿ ಒಗ್ಗರಣೆಗೆಂದು ಕರಿಬೇವು ಬಿಡಿಸುವ ಕೈಗೆ ನಿಂಬೆ ಚಿಟ್ಟೆಯ ಹುಳುವೂ ಚಾಚುತ್ತದೆ.